ಐಇಎಲ್‌ಟಿಎಸ್‌ನಲ್ಲಿ 6ಕ್ಕೇ ಸಿಕ್ಕಿಹಾಕಿಕೊಂಡವರಿಗೆ ಹತ್ತು ವಾರದ ತಯಾರಿ

"ಮೂರನೇ ಸಲವೂ ರೈಟಿಂಗ್ 6, ಏನ್ ಮಾಡೋದು?" ಈ ಪ್ರಶ್ನೆ ನನಗೆ ತಿಂಗಳಿಗೆ ನಾಲ್ಕೈದು ಸಲವಾದರೂ ಬರುತ್ತದೆ. ಐಇಎಲ್‌ಟಿಎಸ್ ಅಂದರೆ ಓದಲೋ ಕೆಲಸಕ್ಕೋ ಹೊರದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ. ಲಿಸನಿಂಗ್, ರೀಡಿಂಗ್, ರೈಟಿಂಗ್, ಸ್ಪೀಕಿಂಗ್ ಅಂತ ನಾಲ್ಕು ಭಾಗ, ಪ್ರತಿಯೊಂದಕ್ಕೂ 9ರವರೆಗೆ ಸ್ಕೋರ್, ಅದಕ್ಕೆ ಬ್ಯಾಂಡ್ ಅನ್ನುತ್ತಾರೆ. ಕೇಳುವವರು ದಡ್ಡರಲ್ಲ. ಒಬ್ಬರು ಸ್ಟಾಫ್ ನರ್ಸ್, ಇನ್ನೊಬ್ಬರು ಐಟಿಯಲ್ಲಿ ಎಂಟು ವರ್ಷ ದುಡಿದು ದಿನವಿಡೀ ಇಂಗ್ಲಿಷಿನಲ್ಲೇ ಮೇಲ್ ಬರೆಯುವವರು. ಹೇಗೆ ತಯಾರಿ ಮಾಡಿದಿರಿ ಅಂದರೆ ಎಲ್ಲರದ್ದೂ ಒಂದೇ ಉತ್ತರ: "ಮೂವತ್ತು ಮಾಕ್ ಟೆಸ್ಟ್ ಬರೆದೆ." ಆ ಮೂವತ್ತರಲ್ಲಿ ಎಷ್ಟು ಟೆಸ್ಟಿನ ತಪ್ಪುಗಳನ್ನು ಕೂತು ನೋಡಿದಿರಿ ಅಂತ ಕೇಳಿದರೆ ಆ ಕಡೆಯಿಂದ ಸದ್ದೇ ಇರುವುದಿಲ್ಲ.

ನಾನೂ ಹಾಗೇ ಮಾಡಿದವನು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಮೊದಲ ಸಲ ರೈಟಿಂಗ್ 6, ಎರಡನೇ ಸಲವೂ 6, ಮೂರನೇ ಸಲ 7. ಎರಡನೇ ಸಲಕ್ಕೂ ಮೂರನೇ ಸಲಕ್ಕೂ ನಡುವೆ ನನ್ನ ಇಂಗ್ಲಿಷ್ ಏನೂ ದೊಡ್ಡದಾಗಿ ಬದಲಾಗಿರಲಿಲ್ಲ, ತಯಾರಿ ಮಾಡುವ ಕ್ರಮ ಬದಲಾಗಿತ್ತು. ಆ ಕ್ರಮವನ್ನೇ ಕೆಳಗೆ ಬರೆದಿದ್ದೇನೆ. ಇದು ದಿನಕ್ಕೆ ಎರಡು ಗಂಟೆ ಕೊಡಬಲ್ಲವರಿಗೆ, ಇಂಗ್ಲಿಷ್ ಪೇಪರ್ ಓದಿದರೆ ಮುಕ್ಕಾಲು ಪಾಲು ಅರ್ಥವಾಗುವವರಿಗೆ. ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ.

## ಹಂತ 1: ನಿಮಗೆ ಬೇಕಾದ ಸ್ಕೋರ್ ಎಷ್ಟು, ಯಾವುದರಲ್ಲಿ?

"7 ಬೇಕು" ಅನ್ನುವುದು ಉತ್ತರವಲ್ಲ. ಒಟ್ಟು 7 ಬೇಕಾ, ನಾಲ್ಕರಲ್ಲೂ 7 ಬೇಕಾ? ಎರಡಕ್ಕೂ ಆನೆ ಆಡಿನಷ್ಟು ವ್ಯತ್ಯಾಸ.

ಪರೀಕ್ಷೆಯಲ್ಲಿ ಎರಡು ಬಗೆ: ಹೆಚ್ಚಾಗಿ ಓದಿಗೆ, ವೃತ್ತಿ ನೋಂದಣಿಗೆ ಅಕಾಡೆಮಿಕ್, ವಲಸೆಗೆ ಜನರಲ್ ಟ್ರೇನಿಂಗ್. ಬ್ರಿಟನ್ನಿನ ನರ್ಸಿಂಗ್ ನೋಂದಣಿಗೆ ಅಕಾಡೆಮಿಕ್ ಪರೀಕ್ಷೆಯಲ್ಲಿ ರೀಡಿಂಗ್, ಲಿಸನಿಂಗ್, ಸ್ಪೀಕಿಂಗ್ ಮೂರರಲ್ಲೂ 7, ರೈಟಿಂಗ್‌ನಲ್ಲಿ 6.5 ಬೇಕು. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಗೆ (ಅಲ್ಲಿ ಕಾಯಂ ನೆಲೆಸುವವರ ಅರ್ಜಿ ವ್ಯವಸ್ಥೆ) ಜನರಲ್ ಟ್ರೇನಿಂಗ್ ಪರೀಕ್ಷೆ ಬರೆಯಬೇಕು. ಅಲ್ಲಿ ಸಿಎಲ್‌ಬಿ (ಕೆನಡಾದ ಭಾಷಾ ಮಟ್ಟದ ಅಳತೆ) 9 ಅಂತ ಏನು ಹೇಳುತ್ತಾರೋ ಅದಕ್ಕೆ ಲಿಸನಿಂಗ್ 8, ಉಳಿದ ಮೂರರಲ್ಲಿ 7. ಯೂನಿವರ್ಸಿಟಿಗಳದ್ದು ಒಂದೊಂದರದ್ದು ಒಂದೊಂದು ಲೆಕ್ಕ, ಕೋರ್ಸಿನ ಪುಟದಲ್ಲೇ ನೋಡಿ. ಬ್ರಿಟನ್ನಿನ ಕೆಲವು ವೀಸಾಗಳಿಗೆ ಯುಕೆವಿಐ (ಬ್ರಿಟನ್ನಿನ ವೀಸಾ ಇಲಾಖೆ) ಹೆಸರಿನಲ್ಲಿ ಬೇರೆಯೇ ಬುಕಿಂಗ್ ಇದೆ. ಪ್ರಶ್ನೆಪತ್ರಿಕೆ ಒಂದೇ ಥರ, ಆದರೆ ಸರ್ಟಿಫಿಕೇಟ್ ಬೇರೆ. ಮಾಮೂಲಿ ಪರೀಕ್ಷೆ ಬರೆದು ಆಮೇಲೆ "ಇದು ನಡೆಯಲ್ಲ" ಅನ್ನಿಸಿಕೊಂಡವರನ್ನು ನೋಡಿದ್ದೇನೆ. ಫೀಸೇನೂ ಸಣ್ಣದಲ್ಲ, ಹೊಟ್ಟೆ ಉರಿಯುತ್ತದೆ.

ಒಟ್ಟು ಬ್ಯಾಂಡ್ ಅಂದರೆ ನಾಲ್ಕರ ಸರಾಸರಿ, ಹತ್ತಿರದ ಅರ್ಧಕ್ಕೆ ಸರಿಮಾಡುತ್ತಾರೆ. 7.5, 7, 6, 6.5 ಬಂದರೆ ಸರಾಸರಿ 6.75. ಅದು 7 ಆಗುತ್ತದೆ. ಒಟ್ಟು 7 ಸಾಕು ಅನ್ನುವ ಕಡೆ ನಿಮ್ಮ ಕೆಲಸ ಮುಗಿಯಿತು. ಪ್ರತಿಯೊಂದರಲ್ಲೂ 6.5 ಬೇಕು ಅನ್ನುವ ಕಡೆ ಆ 6 ಕಾಲಿಗೆ ಸುತ್ತಿಕೊಳ್ಳುತ್ತದೆ.

ಸ್ಕೋರಿಗೆ ಎರಡು ವರ್ಷ ಆಯಸ್ಸು. ಅರ್ಜಿ ಹಾಕುವುದು ಯಾವಾಗ ಅಂತ ಗೊತ್ತಿಲ್ಲದೆ ಸುಮ್ನೆ ಬರೆದಿಟ್ಟುಕೊಳ್ಳಬೇಡಿ. ನಾಲ್ಕು ಸ್ಕೋರುಗಳನ್ನು ಒಂದು ಚೀಟಿಯಲ್ಲಿ ಬರೆದು ಟೇಬಲ್ ಎದುರು ಅಂಟಿಸಿ.

## ಹಂತ 2: ಸಾಮಾನು ಜೋಡಿಸಿಕೊಳ್ಳಿ

ಜಾಸ್ತಿ ಏನೂ ಬೇಡ. ಕೇಂಬ್ರಿಜ್‌ನವರು ಹೊರತರುವ ಅಭ್ಯಾಸ ಪುಸ್ತಕಗಳಲ್ಲಿ ಇತ್ತೀಚಿನ ಎರಡು ಮೂರು ಸಾಕು. ಒಂದೊಂದರಲ್ಲಿ ನಾಲ್ಕು ಪೂರ್ತಿ ಟೆಸ್ಟ್ ಇರುತ್ತವೆ, ಕೊನೆಯಲ್ಲಿ ಲಿಸನಿಂಗ್ ಆಡಿಯೋದ ಮಾತು ಮಾತೂ ಅಚ್ಚಾಗಿರುತ್ತದೆ. ಆ ಕೊನೆಯ ಪುಟಗಳೇ ಚಿನ್ನ, ಬಹಳ ಜನ ಅವನ್ನು ತೆರೆಯುವುದೇ ಇಲ್ಲ.

ಇದರ ಜೊತೆಗೆ ಒಂದು ದಪ್ಪ ನೋಟ್‌ಬುಕ್, ಕಿವಿಗೆ ಹೆಡ್‌ಫೋನ್, ಮೊಬೈಲಿನ ರೆಕಾರ್ಡರ್. ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆಯುವವರಾದರೆ ನಿಜವಾದ ಕೀಬೋರ್ಡ್. ಮೊಬೈಲಿನಲ್ಲೋ ವರ್ಡ್‌ನಲ್ಲೋ ಪ್ರಬಂಧ ಟೈಪ್ ಮಾಡಿ ಅಭ್ಯಾಸ ಮಾಡಬೇಡಿ. ಅವು ನಿಮ್ಮ ಸ್ಪೆಲ್ಲಿಂಗನ್ನು ಕೇಳದೆಯೇ ತಿದ್ದುತ್ತವೆ, ಪರೀಕ್ಷೆಯಲ್ಲಿ ತಿದ್ದುವವರು ಯಾರೂ ಇಲ್ಲ. ನೋಟ್‌ಪ್ಯಾಡ್ ತೆರೆದು ಅದರಲ್ಲೇ ಬರೆಯಿರಿ.

ಇನ್ನೊಂದು ಬೇಕು: ನಿಮ್ಮ ಬರಹ ನೋಡಿ ತಪ್ಪು ಹೇಳುವ ಒಬ್ಬ ಮನುಷ್ಯ. ಇಂಗ್ಲಿಷ್ ಲೆಕ್ಚರರ್, ಈಗಾಗಲೇ 7.5 ತೆಗೆದ ಗೆಳತಿ, ಯಾರಾದರೂ ಸರಿ. ವಾರಕ್ಕೆ ಎರಡು ಪ್ರಬಂಧ ನೋಡಿಕೊಟ್ಟರೆ ಸಾಕು.

## ಹಂತ 3: ಮೊದಲ ದಿನವೇ ಒಂದು ಪೂರ್ತಿ ಟೆಸ್ಟ್

ಓದದೆಯೇ ಬರೆಯಿರಿ. ಲಿಸನಿಂಗ್, ರೀಡಿಂಗ್, ರೈಟಿಂಗ್ ಮೂರನ್ನೂ ಒಂದೇ ಸಲ ಕೂತು, ನಡುವೆ ಕಾಫಿ ಇಲ್ಲ, ಫೋನ್ ಪಕ್ಕದ ಕೋಣೆಯಲ್ಲಿ. ನಿಜವಾದ ಪರೀಕ್ಷೆಯಲ್ಲೂ ಈ ಮೂರರ ನಡುವೆ ಬಿಡುವು ಇಲ್ಲ. ಆಡಿಯೋ ಒಂದೇ ಸಲ ಹಾಕಿ, ಹಿಂದಕ್ಕೆ ಎಳೆಯಬೇಡಿ.

ಲಿಸನಿಂಗ್‌ನಲ್ಲಿ 40 ಪ್ರಶ್ನೆ, ರೀಡಿಂಗ್‌ನಲ್ಲಿ 40. ಅಂದಾಜು ಲೆಕ್ಕ ಹೀಗೆ: ಲಿಸನಿಂಗ್ ಮತ್ತು ಅಕಾಡೆಮಿಕ್ ರೀಡಿಂಗ್‌ನಲ್ಲಿ 23 ಸರಿಯಾದರೆ 6, 30 ಸರಿಯಾದರೆ 7, 35 ಆದರೆ 8. ಜನರಲ್ ರೀಡಿಂಗ್ ಸ್ವಲ್ಪ ಸುಲಭವಾಗಿರುವುದರಿಂದ ಅಲ್ಲಿ 7ಕ್ಕೆ ಸುಮಾರು 34 ಬೇಕು. "ಜನರಲ್ ಸುಲಭ" ಅಂತ ನೆಮ್ಮದಿಯಾಗಿರುವವರು ಈ ಸಾಲನ್ನು ಇನ್ನೊಮ್ಮೆ ಓದಿ.

ಬಂದ ಸ್ಕೋರಿಗೂ ಚೀಟಿಯಲ್ಲಿರುವ ಸ್ಕೋರಿಗೂ ಅರ್ಧ ಬ್ಯಾಂಡ್ ವ್ಯತ್ಯಾಸವಿದ್ದರೆ ಹತ್ತು ವಾರ ಧಾರಾಳ. ಒಂದೂವರೆ ಎರಡು ಬ್ಯಾಂಡ್ ಇದ್ದರೆ ಹತ್ತು ವಾರದಲ್ಲಿ ಆಗುವುದಿಲ್ಲ, ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಂಥವರು ಮೊದಲು ಮೂರು ನಾಲ್ಕು ತಿಂಗಳು ಬರೀ ಇಂಗ್ಲಿಷ್ ಓದಿ, ಕೇಳಿ, ಬರೆದು ಆಮೇಲೆ ಈ ಪುಟಕ್ಕೆ ಬನ್ನಿ.

## ಹಂತ 4: ತಪ್ಪಿನ ಪುಸ್ತಕ

ಇದನ್ನು ಬಿಟ್ಟರೆ ಉಳಿದ ಹಂತಗಳಿಂದ ಏನೂ ಪ್ರಯೋಜನವಿಲ್ಲ. ಆ ದಪ್ಪ ನೋಟ್‌ಬುಕ್ ಇರುವುದೇ ಇದಕ್ಕೆ.

ಟೆಸ್ಟ್ ಬರೆದ ಮರುದಿನ ಹೊಸ ಟೆಸ್ಟ್ ಬರೆಯುವಂತಿಲ್ಲ. ನಿನ್ನೆಯ ತಪ್ಪುಗಳನ್ನು ಒಂದೊಂದಾಗಿ ತೆಗೆದು ಮೂರು ವಿಷಯ ಬರೆಯಿರಿ. ನಾನು ಏನು ಬರೆದೆ, ಸರಿ ಉತ್ತರ ಏನು, ನಾನು ಯಾಕೆ ತಪ್ಪಿದೆ. ಮೂರನೆಯದು ಕನ್ನಡದಲ್ಲೇ ಇರಲಿ, ನಿಮಗೆ ನೀವೇ ಬೈದುಕೊಂಡ ಹಾಗೆ.

ನನ್ನ ಪುಸ್ತಕದ ಒಂದು ಸಾಲು: "ಪ್ರಶ್ನೆ 7. ನಾನು ಬರೆದದ್ದು ಟ್ಯೂಸ್‌ಡೇ. ಸರಿ ಉತ್ತರ ಥರ್ಸ್‌ಡೇ. ಅವಳು ಮೊದಲು ಟ್ಯೂಸ್‌ಡೇ ಅಂದಳು, ನಾನು ಬರೆದು ಖುಷಿಯಾಗಿ ಮುಂದಿನ ಪ್ರಶ್ನೆ ನೋಡಿದೆ, ಅಷ್ಟರಲ್ಲಿ ಅವಳು 'ಸಾರಿ, ಥರ್ಸ್‌ಡೇ' ಅಂತ ತಿದ್ದಿಕೊಂಡಳು." ಅಂಥ ಸಾಲು ಎರಡು ವಾರದಲ್ಲಿ ಆರು ಸಲ ಬಂದಿತ್ತು. ಅಂದರೆ ನನ್ನದು ಕಿವಿಯ ಸಮಸ್ಯೆಯೂ ಅಲ್ಲ, ಇಂಗ್ಲಿಷಿನ ಸಮಸ್ಯೆಯೂ ಅಲ್ಲ, ಅವಸರ. ಹದಿನೈದು ಟೆಸ್ಟ್ ಬರೆದಾಗ ಇದು ಕಣ್ಣಿಗೆ ಬಿದ್ದಿರಲಿಲ್ಲ.

ಪ್ರತಿ ಭಾನುವಾರ ಪುಸ್ತಕ ತಿರುವಿ. ಜಾಸ್ತಿ ಸಲ ಬಂದ ಮೂರು ಕಾರಣಗಳಿಗೆ ಕೆಂಪು ಗುರುತು ಹಾಕಿ. ಮುಂದಿನ ವಾರ ಆ ಮೂರರ ಮೇಲೆ ಮಾತ್ರ ಕೆಲಸ.

## ಹಂತ 5: ಲಿಸನಿಂಗ್

ಲಿಸನಿಂಗ್ ಟೆಸ್ಟಿನಲ್ಲಿ ನಾಲ್ಕು ಪಾರ್ಟ್. ದಿನ ಬಿಟ್ಟು ದಿನ ಒಂದು ಸಾಕು, ನಾಲ್ಕೂ ಬೇಡ. ಮೊದಲು ಪರೀಕ್ಷೆಯ ಹಾಗೆ ಒಂದೇ ಸಲ ಕೇಳಿ ಉತ್ತರಿಸಿ. ಆಮೇಲೆ ತಪ್ಪಿದ ಜಾಗವನ್ನು ಮತ್ತೆ ಮತ್ತೆ ಹಾಕಿ, ಕೇಳಿಸಿದ ವಾಕ್ಯವನ್ನು ಕೈಯಲ್ಲಿ ಬರೆಯಿರಿ. ಕೊನೆಗೆ ಪುಸ್ತಕದ ಹಿಂದಿನ ಪುಟದ ಜೊತೆ ಹೋಲಿಸಿ. ಶಾಲೆಯ ಉಕ್ತಲೇಖನವೇ ಇದು. ಬೇಜಾರಿನ ಕೆಲಸ, ಆದರೆ ಇದರಷ್ಟು ಕೆಲಸ ಮಾಡುವ ಉಪಾಯ ನನಗೆ ಬೇರೆ ಸಿಕ್ಕಿಲ್ಲ.

ನಮ್ಮವರಿಗೆ ಸ್ಪೆಲ್ಲಿಂಗ್ ದೊಡ್ಡ ಹಳ್ಳ. ಕನ್ನಡದಲ್ಲಿ ಕೇಳಿದ್ದನ್ನು ಹಾಗೇ ಬರೆದರೆ ಮುಗಿಯಿತು, ಇಂಗ್ಲಿಷಿನಲ್ಲಿ ಅಷ್ಟು ಸುಲಭವಿಲ್ಲ. ಅಕಾಮಡೇಶನ್‌ಗೆ ಎರಡು ಸಿ, ಎರಡು ಎಮ್. ಗವರ್ನಮೆಂಟ್, ಎನ್ವಿರಾನ್ಮೆಂಟ್ ಎರಡರಲ್ಲೂ ಎಮ್‌ಗೆ ಮುಂಚೆ ಒಂದು ಎನ್ ಅಡಗಿ ಕೂತಿದೆ. ವೆನ್ಸ್‌ಡೇಯಲ್ಲಿ ಡಿ ಕೇಳಿಸುವುದಿಲ್ಲ, ಬರೆಯಬೇಕು. ಉತ್ತರ ಗೊತ್ತಿದ್ದೂ ಸ್ಪೆಲ್ಲಿಂಗ್ ತಪ್ಪಾದರೆ ಅಂಕ ಇಲ್ಲ. ಬಹುವಚನದ ಎಸ್ ಬಿಟ್ಟರೂ ಇಲ್ಲ. ಎರಡು ಪದಕ್ಕಿಂತ ಜಾಸ್ತಿ ಬರೆಯಬೇಡಿ ಅಂದ ಕಡೆ ಮೂರು ಬರೆದರೂ ಇಲ್ಲ.

ಇನ್ನೊಂದು ಹಳ್ಳ ಅಂಕಿಗಳು. ಫಿಫ್ಟೀನ್ ಅಂದರೋ ಫಿಫ್ಟಿ ಅಂದರೋ? ಫೋನ್ ನಂಬರ್ ಹೇಳುವಾಗ ಸೊನ್ನೆಗೆ "ಓ" ಅನ್ನುತ್ತಾರೆ. ವಾರಕ್ಕೆರಡು ದಿನ ಹತ್ತು ನಿಮಿಷ ಬರೀ ನಂಬರು, ಹೆಸರು, ವಿಳಾಸ ಕೇಳಿ ಬರೆಯುವ ಅಭ್ಯಾಸ ಮಾಡಿ.

ಕಂಪ್ಯೂಟರ್ ಪರೀಕ್ಷೆಯಲ್ಲಿ ಕೊನೆಗೆ ಉತ್ತರ ನೋಡಿಕೊಳ್ಳಲು ಎರಡೇ ನಿಮಿಷ. ಪೇಪರ್ ಪರೀಕ್ಷೆ ಇರುವ ಕಡೆ ಉತ್ತರ ಇಳಿಸಲು ಹತ್ತು ನಿಮಿಷ ಸಿಗುತ್ತದೆ. ನೀವು ಬುಕ್ ಮಾಡುವುದು ಯಾವುದೋ ಮನೆಯಲ್ಲೂ ಅದೇ ರೀತಿ ಅಭ್ಯಾಸ ಮಾಡಿ.

## ಹಂತ 6: ರೀಡಿಂಗ್

60 ನಿಮಿಷ, 40 ಪ್ರಶ್ನೆ. ಉತ್ತರ ಇಳಿಸಲು ಬೇರೆ ಸಮಯ ಇಲ್ಲ. ಮೊದಲ ಮೂರು ವಾರ ಗಡಿಯಾರ ನೋಡಬೇಡಿ. ಒಂದು ಪ್ಯಾಸೇಜಿಗೆ ನಲವತ್ತು ನಿಮಿಷವಾದರೂ ಸರಿ, ಪ್ರತಿ ಉತ್ತರಕ್ಕೂ "ಇದು ಯಾವ ಸಾಲಿನಲ್ಲಿದೆ" ಅಂತ ಬೆರಳಿಟ್ಟು ತೋರಿಸಿ. ತೋರಿಸಲು ಆಗದಿದ್ದರೆ ಅದು ಊಹೆ, ಸರಿಯಾಗಿದ್ದರೂ ತಪ್ಪಿನ ಪುಸ್ತಕಕ್ಕೆ ಹೋಗಬೇಕು. ನಾಲ್ಕನೇ ವಾರದಿಂದ ಪ್ಯಾಸೇಜಿಗೆ ಇಪ್ಪತ್ತು ನಿಮಿಷಕ್ಕೆ ಇಳಿಸುತ್ತಾ ಬನ್ನಿ.

ಎಲ್ಲರೂ ಮುಗ್ಗರಿಸುವುದು ಟ್ರೂ, ಫಾಲ್ಸ್, ನಾಟ್ ಗಿವನ್‌ನಲ್ಲಿ. ಕೊಟ್ಟ ಹೇಳಿಕೆ ಪ್ಯಾಸೇಜಿನ ಪ್ರಕಾರ ಸರಿಯಾ, ತಪ್ಪಾ, ಅಲ್ಲಿ ಹೇಳಿಯೇ ಇಲ್ಲವಾ ಅಂತ ಗುರುತಿಸಬೇಕು. ಕನ್ನಡದಲ್ಲೇ ಹೇಳುತ್ತೇನೆ. ಪ್ಯಾಸೇಜಿನಲ್ಲಿ ಹೀಗಿದೆ ಅಂತಿಟ್ಟುಕೊಳ್ಳಿ: "ಒಂದಿಬ್ಬರನ್ನು ಬಿಟ್ಟರೆ ಆ ಊರಿನ ರೈತರೆಲ್ಲ ಮಳೆಯನ್ನೇ ನಂಬಿದ್ದರು." ಈಗ ಹೇಳಿಕೆ ಒಂದು: "ಆ ಊರಿನ ಪ್ರತಿಯೊಬ್ಬ ರೈತನೂ ಮಳೆಯನ್ನೇ ನಂಬಿದ್ದ." ಇದು ಫಾಲ್ಸ್, ಒಂದಿಬ್ಬರು ಇದ್ದಾರಲ್ಲ. ಹೇಳಿಕೆ ಎರಡು: "ಬಾವಿ ತೋಡಲು ದುಡ್ಡಿಲ್ಲದ್ದರಿಂದ ರೈತರು ಮಳೆಯನ್ನು ನಂಬಿದ್ದರು." ಇದು ನಾಟ್ ಗಿವನ್. ದುಡ್ಡಿನ ಮಾತು ಅಲ್ಲಿ ಇಲ್ಲವೇ ಇಲ್ಲ. ನಮ್ಮ ಅಜ್ಜನ ಹೊಲದ ಕಥೆ ನೆನಪಾಗಿ "ಹೌದು, ಹಾಗೇ ಇರುತ್ತೆ" ಅಂತ ಟ್ರೂ ಹಾಕಿಬಿಡುತ್ತೇವೆ, ಅಲ್ವಾ? ಹೊರಗಿನ ತಿಳಿವಳಿಕೆಯನ್ನು ಬಾಗಿಲ ಹೊರಗೆ ಬಿಟ್ಟು ಕೂತುಕೊಳ್ಳಿ.

ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಒಂದೂ ಖಾಲಿ ಬಿಡಬೇಡಿ. ಒಂದೇ ಪ್ರಶ್ನೆಗೆ ಎರಡು ನಿಮಿಷ ದಾಟಿತು ಅಂದರೆ ಏನಾದರೊಂದು ಹಾಕಿ, ಗುರುತು ಮಾಡಿ ಮುಂದೆ ಹೋಗಿ.

ಎಚ್ಚರಿಕೆಯ ಸೂಚನೆ: ಮೂರನೇ ಪ್ಯಾಸೇಜಿಗೆ ಬರುವಾಗ ಪ್ರತಿ ಸಲ ಹತ್ತೇ ನಿಮಿಷ ಉಳಿಯುತ್ತಿದ್ದರೆ ನಿಮ್ಮ ಓದಿನ ವೇಗಕ್ಕಿಂತ ಹಠ ಸಮಸ್ಯೆ. ಒಂದು ಪ್ರಶ್ನೆಯನ್ನೂ ಬಿಟ್ಟುಕೊಡದ ಹಠ.

## ಹಂತ 7: ರೈಟಿಂಗ್, ಇಲ್ಲಿ ನಿಧಾನವಾಗಿ ಓದಿ

ಎರಡು ಟಾಸ್ಕ್, 60 ನಿಮಿಷ. ಟಾಸ್ಕ್ 1ಕ್ಕೆ (ಗ್ರಾಫಿನಂಥದ್ದರ ವಿವರಣೆ ಅಥವಾ ಪತ್ರ) ಕನಿಷ್ಠ 150 ಪದ, ಟಾಸ್ಕ್ 2ಕ್ಕೆ (ಪ್ರಬಂಧ) 250. ಟಾಸ್ಕ್ 2ಕ್ಕೆ ಎರಡು ಪಟ್ಟು ತೂಕ. ಅದಕ್ಕೇ ಮೊದಲಿನದಕ್ಕೆ 20 ನಿಮಿಷ, ಎರಡನೆಯದಕ್ಕೆ 40. ಟಾಸ್ಕ್ 1ರಲ್ಲಿ ಅರ್ಧ ಗಂಟೆ ಕಳೆದು ಅದನ್ನು ಮುದ್ದಾಗಿ ಮಾಡಿದವರು ಕೈ ಸುಟ್ಟುಕೊಂಡಿದ್ದಾರೆ.

ಪರೀಕ್ಷಕರು ನಾಲ್ಕು ವಿಷಯ ನೋಡುತ್ತಾರೆ, ನಾಲ್ಕಕ್ಕೂ ಸಮ ಅಂಕ: ಕೇಳಿದ್ದಕ್ಕೆ ಉತ್ತರಿಸಿದ್ದೀರಾ, ಮಾತು ಒಂದಕ್ಕೊಂದು ಕೂಡಿಕೊಂಡಿದೆಯಾ, ಪದಗಳು ಹೇಗಿವೆ, ವ್ಯಾಕರಣ ಹೇಗಿದೆ. ಬಹುತೇಕರು ನಾಲ್ಕನೆಯದಕ್ಕೆ ಮಾತ್ರ ಹೆದರುತ್ತಾರೆ. ನಾನು ನೋಡಿದ ಹಾಗೆ 6ರಲ್ಲಿ ನಿಲ್ಲಿಸುವುದು ಹೆಚ್ಚಾಗಿ ಮೊದಲನೆಯದು.

7.1 ಪೀಠಿಕೆಯ ಚಾಳಿ ಬಿಡಿ. ಹೈಸ್ಕೂಲಿನಲ್ಲಿ ನಮಗೆ ಪ್ರಬಂಧ ಅಂದರೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಪೀಠಿಕೆಯಲ್ಲಿ ಒಂದು ಗಾದೆಯೋ ವಚನವೋ ಇದ್ದರೆ ಮೇಷ್ಟ್ರಿಗೆ ಖುಷಿ. ಆ ಕೈ ಇಂಗ್ಲಿಷಿನಲ್ಲೂ "ಇನ್ ಟುಡೇಸ್ ಮಾಡರ್ನ್ ವರ್ಲ್ಡ್" ಅಂತಲೇ ಶುರುಮಾಡುತ್ತದೆ. ಐವತ್ತು ಪದ ಹೋಯಿತು, ವಿಷಯ ಇನ್ನೂ ಬಂದಿಲ್ಲ. ಇಲ್ಲಿ ಮೊದಲ ಪ್ಯಾರಾಗ್ರಾಫಿಗೆ ಎರಡೇ ವಾಕ್ಯ ಸಾಕು. ಪ್ರಶ್ನೆಯನ್ನು ನಿಮ್ಮ ಮಾತಿನಲ್ಲಿ ಒಂದು ವಾಕ್ಯ, ನಿಮ್ಮ ನಿಲುವು ಒಂದು ವಾಕ್ಯ.

7.2 ನಿಲುವು ಮೊದಲೇ ತೀರ್ಮಾನಿಸಿ. "ಒಪ್ಪುತ್ತೀರಾ" ಅಂತ ಕೇಳಿದರೆ ಅದಕ್ಕೂ ಹೌದು ಇದಕ್ಕೂ ಹೌದು ಅನ್ನುವುದು ನಮ್ಮ ಸೌಜನ್ಯ. ಇಲ್ಲಿ ಅದು ನಡೆಯುವುದಿಲ್ಲ. ಅರ್ಧ ಒಪ್ಪಿದರೂ ಪರವಾಗಿಲ್ಲ, ಯಾವ ಅರ್ಧ ಅಂತ ಮೊದಲ ಪ್ಯಾರಾದಲ್ಲೇ ಹೇಳಿ, ಕೊನೆಯವರೆಗೂ ಅದನ್ನೇ ಹಿಡಿದುಕೊಳ್ಳಿ.

7.3 ಐದು ನಿಮಿಷ ಪ್ಲಾನ್. ಪೆನ್ ಎತ್ತುವ ಮೊದಲು ಎರಡು ಕಾರಣ ಮಾತ್ರ ಆರಿಸಿ. ಒಂದು ಕಾರಣಕ್ಕೆ ಒಂದು ಪ್ಯಾರಾಗ್ರಾಫ್.

ಒಂದು ಉದಾಹರಣೆ ನೋಡಿ. ವಿಷಯ: ಪೇಟೆಯ ಮಧ್ಯಭಾಗದಲ್ಲಿ ಖಾಸಗಿ ಕಾರುಗಳನ್ನು ನಿಷೇಧಿಸಬೇಕು, ಒಪ್ಪುತ್ತೀರಾ? 6ರ ಪ್ಯಾರಾಗ್ರಾಫ್ ಹೀಗಿರುತ್ತದೆ: ಕಾರಿನಿಂದ ಹೊಗೆ ಬರುತ್ತದೆ, ಟ್ರಾಫಿಕ್ ಆಗುತ್ತದೆ, ಅಪಘಾತ ಆಗುತ್ತದೆ, ಪೆಟ್ರೋಲಿಗೆ ದುಡ್ಡು ಹೋಗುತ್ತದೆ, ಆದ್ದರಿಂದ ಸರ್ಕಾರ ಕ್ರಮ ಕೈಗೊಳ್ಳಬೇಕು. ನಾಲ್ಕು ಕಾರಣ ಇವೆ, ಒಂದನ್ನೂ ಬಿಡಿಸಿ ಹೇಳಿಲ್ಲ. ಮಾರ್ಕೆಟ್ಟಿಗೆ ಕೊಟ್ಟ ಚೀಟಿಯ ಥರ.

7ರ ಪ್ಯಾರಾಗ್ರಾಫ್ ಒಂದೇ ಕಾರಣ ಹಿಡಿಯುತ್ತದೆ. ಕಾರು ಇಲ್ಲದಿದ್ದರೆ ಜನ ಬೀದಿಯಲ್ಲಿ ನಿಂತು ಅಡ್ಡಾಡುತ್ತಾರೆ. ಯಾಕೆ? ಹಾರ್ನ್ ಇಲ್ಲ, ಮಕ್ಕಳ ಕೈ ಬಿಡಬಹುದು. ಅದರಿಂದ ಏನಾಗುತ್ತದೆ? ನಿಂತವರು ಅಂಗಡಿಗೆ ಹೋಗುತ್ತಾರೆ, ಕಾಫಿ ಕುಡಿಯುತ್ತಾರೆ. ಉದಾಹರಣೆ? ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಕ್ಕೆ ವಾಹನ ನಿಲ್ಲಿಸಿದ್ದರು, ಆಗ ರಸ್ತೆಯೇ ನಡೆಯುವವರದ್ದಾಗಿತ್ತು. ಇಷ್ಟೇ. ಕಾರಣ, ಯಾಕೆ, ಅದರಿಂದೇನು, ಎಲ್ಲಿ ನೋಡಿದಿರಿ. ಉದಾಹರಣೆ ನಿಮ್ಮ ಊರಿನದ್ದೇ ಆಗಬಹುದು. ಲಂಡನ್ನಿನ ಸುಳ್ಳು ಸಂಶೋಧನೆ ಹುಟ್ಟಿಸಬೇಕಾಗಿಲ್ಲ.

7.4 ಬಾಯಿಪಾಠದ ವಾಕ್ಯ ಕಿತ್ತುಹಾಕಿ. ನಾನು ಹೋಗಿದ್ದ ಒಂದು ಕೋಚಿಂಗ್‌ನಲ್ಲಿ ಇಪ್ಪತ್ತು "ಹೈ ಬ್ಯಾಂಡ್" ವಾಕ್ಯಗಳ ಜೆರಾಕ್ಸ್ ಕೊಟ್ಟಿದ್ದರು. ಎಲ್ಲ ಪ್ರಬಂಧಕ್ಕೂ ಅವೇ. ನನ್ನ ಎರಡನೇ 6 ಆ ಜೆರಾಕ್ಸಿನ ಪುಣ್ಯ. ಬಾಯಿಪಾಠ ಮಾಡಿದ್ದು ಪರೀಕ್ಷಕರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ, ಯಾಕೆಂದರೆ ಸುತ್ತಲಿನ ವಾಕ್ಯಗಳು ಬೇರೆ ಮನುಷ್ಯ ಬರೆದ ಹಾಗಿರುತ್ತವೆ. "ಗವರ್ನಮೆಂಟ್ ಶುಡ್ ಟೇಕ್ ನೆಸೆಸರಿ ಸ್ಟೆಪ್ಸ್" ಕೂಡ ಇದೇ ಜಾತಿ. ಯಾವ ಸ್ಟೆಪ್? ಹೇಳಲಾಗದಿದ್ದರೆ ಬರೆಯಬೇಡಿ. ಅಂದಹಾಗೆ ಅದರ ಮುಂದೆ "ದ" ಕೂಡ ಇರಬೇಕಿತ್ತು.

7.5 ಕನ್ನಡದಿಂದ ಬರುವ ತಪ್ಪುಗಳು. ಕನ್ನಡದಲ್ಲಿ "ಎ" ಮತ್ತು "ದ"ಗೆ ಸಮನಾದದ್ದು ಇಲ್ಲ, ಹಾಗಾಗಿ ಅವು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಬರೆದು ಮುಗಿದ ಮೇಲೆ ಪ್ರತಿ ನಾಮಪದದ ಮುಂದೆ ನಿಂತು ಕೇಳಿ: ಒಂದಾ, ಯಾವುದೋ ಗೊತ್ತಿರುವುದಾ, ಬಹುವಚನವಾ? "ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್" ಅನ್ನುವುದು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ, ಪರೀಕ್ಷೆಯಲ್ಲಿ "ಐ ಹ್ಯಾವ್". "ಹೋಗಿದ್ದೇನೆ" ನೆನಪಲ್ಲಿಟ್ಟುಕೊಂಡು "ಯೆಸ್ಟರ್‌ಡೇ ಐ ಹ್ಯಾವ್ ಗಾನ್" ಅಂತ ಬರೆಯುತ್ತೇವೆ. ನಿನ್ನೆ ಅಂದ ಮೇಲೆ "ವೆಂಟ್". "ಡಿಸ್ಕಸ್ ಅಬೌಟ್" ಅಲ್ಲ, ಬರೀ "ಡಿಸ್ಕಸ್". ಇಂಥ ಏಳೆಂಟು ತಪ್ಪು ಎಲ್ಲರಿಗೂ ಇರುತ್ತವೆ, ನಿಮ್ಮವು ಯಾವುವು ಅಂತ ತಪ್ಪಿನ ಪುಸ್ತಕ ಹೇಳುತ್ತದೆ. ಕೊನೆಯ ನಾಲ್ಕು ನಿಮಿಷ ಅವನ್ನು ಮಾತ್ರ ಹುಡುಕಿ.

7.6 ಟಾಸ್ಕ್ 1. ಅಕಾಡೆಮಿಕ್‌ನಲ್ಲಿ ಗ್ರಾಫ್, ಟೇಬಲ್, ಮ್ಯಾಪ್ ಅಥವಾ ಪ್ರಕ್ರಿಯೆಯ ಚಿತ್ರ ಬರುತ್ತದೆ. ಎಲ್ಲ ಅಂಕಿಗಳನ್ನೂ ಬರೆಯಬೇಡಿ. ಒಟ್ಟಾರೆ ಏನು ಕಾಣುತ್ತದೆ ಅಂತ ಎರಡು ವಾಕ್ಯ ಇರಲೇಬೇಕು, ಅದು ಇಲ್ಲದಿದ್ದರೆ ಸ್ಕೋರ್ ಏರುವುದಿಲ್ಲ. ಯಾಕೆ ಹೀಗಾಯಿತು ಅಂತ ನಿಮ್ಮ ಊಹೆ ಸೇರಿಸಬೇಡಿ, ಯಾರೂ ಕೇಳಿಲ್ಲ.

ಜನರಲ್‌ನಲ್ಲಿ ಪತ್ರ. ಪ್ರಶ್ನೆಯಲ್ಲಿ ಮೂರು ಅಂಶ ಕೊಟ್ಟಿರುತ್ತಾರೆ, ಮೂರಕ್ಕೂ ಉತ್ತರ ಬೇಕು. ನಮ್ಮ ಕೈಗೆ ಆಫೀಸಿನ ಅರ್ಜಿಯ ಇಂಗ್ಲಿಷ್ ಅಂಟಿಕೊಂಡಿದೆ: "ವಿತ್ ರೆಫರೆನ್ಸ್ ಟು ದಿ ಅಬೋವ್ ಸಬ್ಜೆಕ್ಟ್", "ಕೈಂಡ್ಲಿ ಡು ದ ನೀಡ್‌ಫುಲ್". ಗೆಳೆಯನಿಗೆ ಬರೆಯುವ ಪತ್ರದಲ್ಲೂ ಇದನ್ನೇ ಬರೆದವರಿದ್ದಾರೆ. ಯಾರಿಗೆ ಬರೆಯುತ್ತಿದ್ದೀರಿ ಅಂತ ಮೊದಲು ತಿಳಿದುಕೊಂಡು ಅದೇ ಧಾಟಿಯಲ್ಲಿ ಮುಗಿಸಿ.

ಅಭ್ಯಾಸದ ಲೆಕ್ಕ: ವಾರಕ್ಕೆ ಎರಡು ಟಾಸ್ಕ್ 2, ಒಂದು ಟಾಸ್ಕ್ 1. ಅಷ್ಟೇ. ಆದರೆ ಪ್ರತಿಯೊಂದನ್ನೂ ತಿದ್ದಿಸಿಕೊಂಡು ಎರಡನೇ ಸಲ ಬರೆಯಿರಿ. ಎರಡನೇ ಸಲ ಬರೆಯುವುದನ್ನು ಯಾರೂ ಮಾಡುವುದಿಲ್ಲ, ಬ್ಯಾಂಡ್ ಏರುವುದು ಅಲ್ಲೇ.

## ಹಂತ 8: ಸ್ಪೀಕಿಂಗ್

11ರಿಂದ 14 ನಿಮಿಷ, ಎದುರಿಗೆ ಒಬ್ಬ ಮನುಷ್ಯ, ಕೆಲವು ಕಡೆ ವಿಡಿಯೋ ಕಾಲ್‌ನಲ್ಲಿ. ಮೂರು ಭಾಗ. ಮೊದಲು ನಿಮ್ಮ ಮನೆ, ಕೆಲಸ, ಹವ್ಯಾಸ. ಎರಡನೆಯದು ಕ್ಯೂ ಕಾರ್ಡ್: ಒಂದು ನಿಮಿಷ ಯೋಚಿಸಿ, ಎರಡು ನಿಮಿಷದವರೆಗೆ ಮಾತಾಡಬೇಕು. ಮೂರನೆಯದು ಅದೇ ವಿಷಯದ ಮೇಲೆ ಸ್ವಲ್ಪ ಗಹನವಾದ ಚರ್ಚೆ.

ದೊಡ್ಡವರ ಎದುರು ಕಡಿಮೆ ಮಾತಾಡಬೇಕು ಅಂತ ಬೆಳೆದವರು ನಾವು. "ಎಸ್ ಸರ್", "ನೋ ಮೇಡಮ್" ಅಂತ ಮುಗಿಸಿಬಿಡುತ್ತೇವೆ. ಪರೀಕ್ಷಕರಿಗೆ ಅಂಕ ಕೊಡಲು ಏನೂ ಸಿಗುವುದಿಲ್ಲ. ಮೊದಲ ಭಾಗದ ಪ್ರತಿ ಉತ್ತರಕ್ಕೂ ಎರಡು ಮೂರು ವಾಕ್ಯ ಇರಲಿ.

ಕ್ಯೂ ಕಾರ್ಡಿಗೆ ಪೂರ್ತಿ ವಾಕ್ಯ ಬರೆದುಕೊಳ್ಳಬೇಡಿ, ನಿಮಿಷ ಅಲ್ಲೇ ಮುಗಿಯುತ್ತದೆ. "ನೆನಪಿನಲ್ಲಿ ಉಳಿದ ಒಂದು ಪ್ರವಾಸ" ಅಂತ ಬಂದರೆ ಐದು ಪದ ಸಾಕು: ಜೋಗ, ಆಗಸ್ಟ್, ಮಾವ, ಕೊಡೆ ಮುರಿದದ್ದು, ಮೆಣಸಿನಕಾಯಿ ಬಜ್ಜಿ. ಪ್ರತಿ ಪದಕ್ಕೆ ಇಪ್ಪತ್ತು ಸೆಕೆಂಡ್ ಮಾತಾಡಿದರೂ ಒಂದೂ ಮುಕ್ಕಾಲು ನಿಮಿಷದ ಹತ್ತಿರ ಬಂತು. ಮುರಿದ ಕೊಡೆಯಂಥದ್ದು ಒಂದು ಇರಲಿ, ಅದರ ಮೇಲೆ ಮಾತು ತಾನಾಗಿ ಓಡುತ್ತದೆ. ಈ ಚೀಟಿಗೆ ಅಂಕ ಇಲ್ಲ, ಕನ್ನಡದಲ್ಲೂ ಬರೆಯಬಹುದು, ಆದರೆ ಇಂಗ್ಲಿಷಿನಲ್ಲೇ ಗೀಚಿದರೆ ನಾಲಗೆ ತಡವರಿಸುವುದಿಲ್ಲ.

ಉಚ್ಚಾರಣೆಗೆ ಅಮೆರಿಕದ ರಾಗ ಬೇಡ. ನಮ್ಮ ಧಾಟಿಗೆ ಅಂಕ ಕಳೆಯುವುದಿಲ್ಲ, ಅರ್ಥವಾಗದಿದ್ದರೆ ಕಳೆಯುತ್ತಾರೆ. ಸರಿಮಾಡಿಕೊಳ್ಳಬೇಕಾದದ್ದು ಕೆಲವೇ. ಎಗ್ "ಯೆಗ್ಗು" ಆಗುವುದು, ಓನ್ಲಿ "ವೋನ್ಲಿ" ಆಗುವುದು, ಬಸ್ "ಬಸ್ಸು" ಆಗುವುದು. ಝೂ ಹೋಗಿ "ಜೂ" ಆಗುವುದು. ಇನ್ನೊಂದು ಒತ್ತು: ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಒಂದೇ ತೂಕ, ಇಂಗ್ಲಿಷಿನಲ್ಲಿ ಹಾಗಲ್ಲ. ಡೆವಲಪ್‌ನಲ್ಲಿ "ವೆ" ಮೇಲೆ ಒತ್ತು. ಫೋಟೋಗ್ರಾಫ್‌ನಲ್ಲಿ ಮೊದಲ ಅಕ್ಷರದ ಮೇಲೆ, ಫೋಟಾಗ್ರಫಿಯಲ್ಲಿ ಎರಡನೆಯದರ ಮೇಲೆ. ಹೊಸ ಪದ ಕಲಿಯುವಾಗಲೇ ಒತ್ತು ಎಲ್ಲಿ ಅಂತ ಗುರುತು ಹಾಕಿಕೊಳ್ಳಿ.

ದಿನಾ ಒಂದು ಕ್ಯೂ ಕಾರ್ಡ್ ಮಾತಾಡಿ ರೆಕಾರ್ಡ್ ಮಾಡಿ, ಮರುದಿನ ಕೇಳಿ. ಮೊದಲ ವಾರ ನಿಮ್ಮ ದನಿ ನಿಮಗೇ ಸಹಿಸಲು ಆಗುವುದಿಲ್ಲ. ನನಗೂ ಆಗಿರಲಿಲ್ಲ. ಎಷ್ಟು ಸಲ "ಆಕ್ಚುಲಿ" ಅಂದಿದ್ದೀರಿ ಅಂತ ಎಣಿಸಿ. ನಾನು ಎರಡು ನಿಮಿಷದಲ್ಲಿ ಹದಿನಾಲ್ಕು ಸಲ ಅಂದಿದ್ದೆ.

ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ, ಅದಕ್ಕೆ ಅಂಕ ಹೋಗುವುದಿಲ್ಲ. ಅರ್ಥವಾಗದೆ ಬೇರೇನೋ ಹೇಳಿದರೆ ಹೋಗುತ್ತದೆ.

## ಹಂತ 9: ಬುಕಿಂಗ್ ಮತ್ತು ಕೊನೆಯ ಮೂರು ವಾರ

ಮೊದಲೇ ಡೇಟ್ ಬುಕ್ ಮಾಡಿ "ಇನ್ನು ಓದಲೇಬೇಕು" ಅಂತ ತಮ್ಮನ್ನು ತಾವೇ ಕಟ್ಟಿಹಾಕಿಕೊಳ್ಳುವವರಿದ್ದಾರೆ. ನನಗೆ ಇಷ್ಟವಿಲ್ಲ. ಏಳನೇ ವಾರದಲ್ಲಿ ಮನೆಯಲ್ಲಿ ಎರಡು ಪೂರ್ತಿ ಟೆಸ್ಟ್ ಬರೆಯಿರಿ. 7 ಬೇಕಾದವರಿಗೆ ಲಿಸನಿಂಗ್, ರೀಡಿಂಗ್‌ನಲ್ಲಿ (ಜನರಲ್‌ನವರಿಗೆ ಲಿಸನಿಂಗ್‌ನಲ್ಲಿ) ಎರಡು ಸಲವೂ 32 ದಾಟಿದರೆ ಬುಕ್ ಮಾಡಿ. 30ರ ಅಂಚಿನಲ್ಲೇ ಇದ್ದರೆ ಎರಡು ವಾರ ತಳ್ಳಿ, ಪರೀಕ್ಷೆಯ ದಿನ ಒಂದೆರಡು ಉತ್ತರ ಕೈಜಾರುವುದು ಖಾತ್ರಿ.

ಪಾಸ್‌ಪೋರ್ಟ್ ಇಲ್ಲದೆ ನಮ್ಮಲ್ಲಿ ಪರೀಕ್ಷೆ ಬರೆಯುವಂತಿಲ್ಲ, ಆಧಾರ್ ನಡೆಯುವುದಿಲ್ಲ. ಹೆಸರು ಪಾಸ್‌ಪೋರ್ಟಿನಲ್ಲಿರುವ ಹಾಗೇ ಇರಬೇಕು. ನಮ್ಮ ಕಡೆಯವರಿಗೆ ಇದೊಂದು ತಲೆನೋವು, ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗವೇ ಖಾಲಿ, ಮಾರ್ಕ್ಸ್ ಕಾರ್ಡಿನಲ್ಲಿ ಇನಿಶಿಯಲ್, ಇನ್ನೊಂದು ಕಡೆ ಅಪ್ಪನ ಪೂರ್ತಿ ಹೆಸರು. ಸರ್‌ನೇಮ್ ಖಾಲಿ ಇರುವವರು ಫಾರಂ ತುಂಬುವ ಮೊದಲೇ ಸಹಾಯವಾಣಿಗೆ ಫೋನ್ ಮಾಡಿ ಹೇಗೆ ತುಂಬಬೇಕು ಅಂತ ಕೇಳಿ.

ಎಂಟು, ಒಂಬತ್ತನೇ ವಾರ: ವಾರಕ್ಕೆ ಎರಡು ಪೂರ್ತಿ ಟೆಸ್ಟ್, ನಿಜವಾದ ಪರೀಕ್ಷೆಯ ಹೊತ್ತಿನಲ್ಲೇ. ಉಳಿದ ದಿನ ತಪ್ಪಿನ ಪುಸ್ತಕ. ಕೊನೆಯ ವಾರ ಹೊಸದೇನೂ ಬೇಡ. ಹಳೆಯ ಪ್ರಬಂಧಗಳನ್ನು ಓದಿ, ದಿನಾ ಅರ್ಧ ಗಂಟೆ ಇಂಗ್ಲಿಷಿನಲ್ಲಿ ಮಾತಾಡಿ.

"ಪ್ರಶ್ನೆಪತ್ರಿಕೆ ಮೊದಲೇ ಕೊಡುತ್ತೇವೆ", "ಪರೀಕ್ಷೆ ಬರೆಯದೆ ಸರ್ಟಿಫಿಕೇಟ್", "ಬ್ಯಾಂಡ್ ಗ್ಯಾರಂಟಿ" ಅಂತ ಟೆಲಿಗ್ರಾಂನಲ್ಲಿ ಬರುವ ಮೆಸೇಜುಗಳನ್ನು ಬ್ಲಾಕ್ ಮಾಡಿ. ದುಡ್ಡು ಹೋಗುವುದು ಒಂದು ಕಡೆ. ನಕಲಿ ಸರ್ಟಿಫಿಕೇಟ್ ಸಿಕ್ಕಿಬಿದ್ದರೆ ವೀಸಾದ ಬಾಗಿಲೇ ಮುಚ್ಚಬಹುದು, ಯಾಕೆಂದರೆ ಸ್ಕೋರನ್ನು ವೀಸಾ ಕಚೇರಿಯವರು ಆನ್‌ಲೈನ್‌ನಲ್ಲೇ ತಾಳೆ ನೋಡುತ್ತಾರೆ.

## ಹಂತ 10: ರಿಸಲ್ಟ್ ಬಂದ ಮೇಲೆ

ಕಂಪ್ಯೂಟರ್ ಪರೀಕ್ಷೆಯ ರಿಸಲ್ಟ್ ಕೆಲವೇ ದಿನಗಳಲ್ಲಿ ಬರುತ್ತದೆ. ಬೇಕಾದದ್ದು ಬಂದಿದ್ದರೆ ಸರಿ. ಒಂದರಲ್ಲಿ ಮಾತ್ರ ಅರ್ಧ ಬ್ಯಾಂಡ್ ಕಡಿಮೆಯಾಗಿದ್ದರೆ ತಕ್ಷಣ ಪೂರ್ತಿ ಪರೀಕ್ಷೆ ಬುಕ್ ಮಾಡಬೇಡಿ. ನಿಮ್ಮ ಮುಂದೆ ಎರಡು ದಾರಿ ಇವೆ.

ಒಂದು, ಮರುಮೌಲ್ಯಮಾಪನ. ಆರು ವಾರದೊಳಗೆ ಕೇಳಬೇಕು, ಫೀಸ್ ಇದೆ, ಸ್ಕೋರ್ ಬದಲಾದರೆ ವಾಪಸ್ ಕೊಡುತ್ತಾರೆ. ಲಿಸನಿಂಗ್, ರೀಡಿಂಗ್‌ಗೆ ಇದರಿಂದ ಏನೂ ಆಗುವುದು ಅಪರೂಪ, ಅಲ್ಲಿ ಉತ್ತರ ಸರಿ ಇಲ್ಲವೇ ತಪ್ಪು. ರೈಟಿಂಗ್, ಸ್ಪೀಕಿಂಗ್‌ನಲ್ಲಿ, ಅದರಲ್ಲೂ ಉಳಿದ ಮೂರು 8ರ ಹತ್ತಿರ ಇದ್ದು ಒಂದೇ 6.5 ಬಂದಿದ್ದರೆ, ಕೇಳಿ ನೋಡಬಹುದು.

ಎರಡು, ಒನ್ ಸ್ಕಿಲ್ ರೀಟೇಕ್. ಕಂಪ್ಯೂಟರಿನಲ್ಲಿ ಬರೆದವರು 60 ದಿನದೊಳಗೆ ಯಾವುದಾದರೂ ಒಂದನ್ನು ಮಾತ್ರ ಮತ್ತೆ ಬರೆಯಬಹುದು, ಒಂದೇ ಸಲ. ಆದರೆ ಎಲ್ಲ ಯೂನಿವರ್ಸಿಟಿಗಳೂ, ಎಲ್ಲ ದೇಶಗಳೂ ಇದನ್ನು ಒಪ್ಪುವುದಿಲ್ಲ. ನೀವು ಅರ್ಜಿ ಹಾಕುವ ಕಡೆ ಮೇಲ್ ಬರೆದು, ಅವರ ಉತ್ತರ ಕೈಗೆ ಬಂದ ಮೇಲೆ ದುಡ್ಡು ಕಟ್ಟಿ. ಆ ಉತ್ತರ ಬರುವವರೆಗಿನ ದಿನಗಳಲ್ಲಿ ತಪ್ಪಿನ ಪುಸ್ತಕದ ಕೊನೆಯ ಮೂರು ವಾರದ ಪುಟಗಳನ್ನು ತೆಗೆದು, ಕೆಂಪು ಗುರುತು ಇರುವ ಪ್ರಬಂಧಗಳನ್ನು ಮತ್ತೊಮ್ಮೆ ಬರೆಯಲು ಶುರುಮಾಡಿ.